ಈಚಲ ಬೆಲ್ಲ ಕಟ್ಟದ ಚಳಿಗಾಲ

"ಗಿಡಾ ಏರಾಕತ್ತೀನ್ರವ್ವೋ…!"

ಮೂರು ಸಲ. ಒಂದು ಹಳ್ಳದ ಕಡೆಗೆ, ಒಂದು ಊರ ಕಡೆಗೆ, ಕಡೆಯದು ಯಾರ ಕಡೆಗೂ ಅಲ್ಲ, ಸುಮ್ಮನೆ ಮೇಲಕ್ಕೆ. ಈಚಲ ಗಿಡ ಏರುವವನು ಏರುವ ಮೊದಲು ಕೂಗಲೇಬೇಕು. ಮೇಲೆ ಹೋದರೆ ಸುತ್ತಲಿನ ಹಿತ್ತಲುಗಳೆಲ್ಲ ಅವನ ಕಣ್ಣಿಗೆ ಬೀಳುತ್ತವೆ. ಮೈ ತೊಳೆಯಲು ಕೂತ ಹೆಂಗಸರು ಸೀರೆ ಎಳೆದುಕೊಳ್ಳಲಿ ಅಂತ ಆ ಕೂಗು. ಹಿತ್ತಲಿಗೆಲ್ಲ ಗೋಡೆ ಬಂದು ಎಷ್ಟೋ ವರ್ಷ ಆಗಿದ್ದರೂ ಮಾನಪ್ಪ ಕೂಗುವುದನ್ನು ಬಿಟ್ಟಿರಲಿಲ್ಲ.

ಮೊನ್ನೆ ಯಾದಗಿರಿಯಲ್ಲಿ, ನಾನೀಗ ಇರುವ ಮನೆಯ ಕೆಳಗಿನವರು ಶೇಂಗಾ ಚಿಕ್ಕಿಗೆ ಅಂತ ಬೆಲ್ಲ ಕಾಯಲಿಟ್ಟು ಟಿವಿ ಮುಂದೆ ಮೈಮರೆತರು. ಬೆಲ್ಲ ತಳಹಿಡಿದ ವಾಸನೆ ಮೆಟ್ಟಿಲು ಹತ್ತಿ ನನ್ನ ರೂಮಿಗೆ ಬಂತು. ಓದುತ್ತಿದ್ದ ಪೇಪರ್ ಮಡಚಿದೆ. ಎದ್ದೆ, ಕಿಟಕಿ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಸ್ಟೇಷನ್ನಿನಿಂದ ರೈಲಿನ ಅನೌನ್ಸ್‌ಮೆಂಟ್ ಕೇಳುತ್ತಿತ್ತು. ನನ್ನ ಕಿವಿ ಮಾತ್ರ ಬೇರೊಂದು ಕೂಗಿಗೆ ಕಾಯುತ್ತಿತ್ತು. ಈ ವಯಸ್ಸಿಗೆ ಮನುಷ್ಯರು ಸೆಟಲ್ ಆಗುತ್ತಾರಂತೆ. ನನಗೆ ಆ ಒಂದು ಚಳಿಗಾಲ ಆಗಗೊಡುತ್ತಿಲ್ಲ.

ಆಗ ನನಗೆ ಅರವತ್ತೈದು. ಕಲಬುರಗಿಯ ಶಾಲೆಯೊಂದರಲ್ಲಿ ಜೀವನವಿಡೀ ಇಂಗ್ಲಿಷ್ ಕಲಿಸಿ ರಿಟೈರ್ ಆಗಿದ್ದೆ. ಬೋನಾಳದ ಹೊಲ ನೋಡಿಕೊಳ್ಳುತ್ತಿದ್ದ ತಮ್ಮ ಶಿವರಾಜ ಫೋನ್ ಮಾಡಿ, "ಅಕ್ಕಾ, ಹಳ್ಳದ ದಂಡಿ ಈಚಲ ಗಿಡ ತೆಗಸಾಕತ್ತೀನಿ, ಒಂದ್ ಮಾತು ಹೇಳಬೇಕಂತ ಹೇಳಿದೆ" ಅಂದ. ಮರುದಿನವೇ ಬಸ್ಸು ಹತ್ತಿದೆ.

ಯಾಕೆ ಅಷ್ಟು ಅವಸರ ಅಂದರೆ, ಅದನ್ನು ಹೇಳಲು ನನಗೆ ಐವತ್ತು ವರ್ಷ ನಾಚಿಕೆಯಿತ್ತು. ಎಂಟನೇ ವಯಸ್ಸಿಗೆ ಅಪ್ಪ ನನ್ನನ್ನು ಹೈದರಾಬಾದಿನ ಕಾನ್ವೆಂಟಿಗೆ ಸೇರಿಸಿದ್ದು ಹೊಲದ ಜೋಳದಿಂದಲ್ಲ. ಆ ಈಚಲ ಗಿಡಗಳ ಶೇಂದಿ ಗುತ್ತಿಗೆಯಿಂದ. ನನ್ನ ಬೂಟು, ನನ್ನ ಪಿಯಾನೋ ಕ್ಲಾಸು, ನನ್ನ ಇಂಗ್ಲಿಷ್, ಎಲ್ಲಾ ಶೇಂದಿಯವು. ಕುಡಿತದ ಪಾಪದ ಬಗ್ಗೆ ವಾರಕ್ಕೊಂದು ಪಾಠ ಇರುತ್ತಿದ್ದ ಶಾಲೆಯಲ್ಲಿ ಇದನ್ನು ಹೇಳುವುದುಂಟೆ? "ಮೈ ಫಾದರ್ ಹ್ಯಾಸ್ ಆನ್ ಆರ್ಚರ್ಡ್" ಅನ್ನುತ್ತಿದ್ದೆ.

ಹೋದ ಮೊದಲ ವಾರ ಒಂದು ಘಟನೆ ಆಯಿತು. ಡಾರ್ಮಿಟರಿ ಮಹಡಿಯ ಮೇಲೆ. ಎತ್ತರಕ್ಕೆ ಹೋಗುವ ಮುಂಚೆ ಕೂಗಬೇಕು ಅನ್ನುವುದಷ್ಟೇ ನನಗೆ ಗೊತ್ತು. ಮೆಟ್ಟಿಲ ಬುಡದಲ್ಲಿ ನಿಂತು ಬಾಯಿಗೆ ಕೈ ಹಿಡಿದು ಕೂಗಿಬಿಟ್ಟೆ: "ಏರಾಕತ್ತೀನ್ರವ್ವೋ!" ಇಡೀ ಕಟ್ಟಡ ನಡುಗಿರಬೇಕು. ಸಿಸ್ಟರ್ ಆಗ್ನೆಸ್ ಬಂದು ಬೆರಳನ್ನು ನನ್ನ ತುಟಿಯ ಮೇಲಿಟ್ಟು ಮೆಲ್ಲಗೆ ಅಂದರು: "ಲೇಡೀಸ್ ಡು ನಾಟ್ ಶೌಟ್, ಮೈ ಡಿಯರ್." ಆಮೇಲೆ ನಾನು ಕೂಗಲಿಲ್ಲ. ಕ್ಲಾಸಿನಲ್ಲಿ ಕೂಡ.

ಆ ಸಿಸ್ಟರೇ ಕೆನಡಾದವರು. ಒಂದು ಡಿಸೆಂಬರ್ ಸಂಜೆ ತಮ್ಮ ಊರಿನ ಮೇಪಲ್ ಗಿಡಗಳ ಕತೆ ಹೇಳಿದ್ದರು. ಹಿಮ ಕರಗುವ ಹೊತ್ತಿಗೆ ಗಿಡಕ್ಕೆ ತೂತು ಹೊಡೆದು ಬಕೆಟ್ಟು ನೇತುಹಾಕುತ್ತಾರಂತೆ. ನೀರಿನಂಥ ರಸ. ಅದನ್ನು ಉದ್ದನೆಯ ತಗಡಿನ ಪರಾತದಲ್ಲಿ ಹೊಯ್ದು ಕೆಳಗೆ ಕಟ್ಟಿಗೆ ಉರಿ ಹಾಕುವುದು. ಪರಾತದೊಳಗೆ ಅಡ್ಡಡ್ಡ ಗೋಡೆ. ರಸ ಒಂದು ಮೂಲೆಯಿಂದ ಹೊಕ್ಕು, ತಿರುಗಿ ತಿರುಗಿ, ಇನ್ನೊಂದು ಮೂಲೆಗೆ ಬರುವಷ್ಟರಲ್ಲಿ ಪಾಕ. ತಮ್ಮ ಅಪ್ಪನೇ ಮನೆಯಲ್ಲಿ ಮಾಡಿದ್ದು ಅಂತ ಹೆಮ್ಮೆಯಿಂದ ಬೋರ್ಡಿನ ಮೇಲೆ ಬರೆದು ತೋರಿಸಿದರು. "ಅವರ್ ಟ್ರೀಸ್ ಗಿವ್ ಶುಗರ್." ನಾನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡೆ. ನಮ್ಮ ಗಿಡ ಏನು ಕೊಡುತ್ತದೆ ಅನ್ನುವುದನ್ನು ನುಂಗಿಕೊಂಡೆ.

ಬೋನಾಳದಲ್ಲಿ ಬದುವಿನ ಮೇಲೆ ನಿಂತು ಶಿವರಾಜ ಸಾವಧಾನವಾಗೇ ಹೇಳಿದ. "ಪಾಲಿಗೆ ಹೊಲ ಮಾಡಾವ ನೆಲ್ಲು ಹಚ್ಯಾನ. ಈ ಗಿಡದ ನೆರಳಿಗೆ ಬೆಳಿ ಏಳಂಗಿಲ್ಲ, ಮ್ಯಾಲ ಕೆರಿ ಹಕ್ಕಿ ಬ್ಯಾರೆ ಇಲ್ಲೇ ಕುಂತು ತಿಂತಾವ. ಶೇಂದಿ ಬಂದ್ ಆಗಿ ಎಷ್ಟ್ ವರ್ಷ ಆತು? ಯಾರಿಗೆ ಬೇಕಿವು?"

"ನಂಗ ಬೇಕು."

"ಏನ್ ಮಾಡ್ತಿ? ಈ ವಯಸ್ಸಿನ್ಯಾಗ ಕುಡೀತಿಯೇನು?"

"ಬೆಲ್ಲಾ ಮಾಡ್ತೀನಿ."

ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ. ಅವನು ಬದುವಿನ ಮೇಲೇ ಕೂತು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಆತು ತಗೋ. ಯುಗಾದಿಗೆ ಆ ಬೆಲ್ಲದ್ದೇ ಹೋಳಿಗಿ ಹಾಕು. ಆದ್ರ ಬೆಲ್ಲ ಕಲ್ಲಿನಂಗ ಇರಬೇಕು. ರಾಡಿ ತಂದು ಇದೇ ಬೆಲ್ಲ ಅಂದ್ರ ನಡಿಯಂಗಿಲ್ಲ. ಗಟ್ಟಿ ಆತಂದ್ರ ಗಿಡಕ್ಕ ಕೈ ಹಚ್ಚಂಗಿಲ್ಲ. ಆಗಲಿಲ್ಲ, ಹಬ್ಬದ ಮರುದಿನ ಜೆಸಿಬಿ."

ಗಿಡ ಏರಲು ಉಳಿದವನು ಮಾನಪ್ಪ ಒಬ್ಬನೇ. ನನ್ನದೇ ವಯಸ್ಸು, ಒಣಗಿದ ತೊಗರಿಕಟ್ಟಿಗೆಯಂಥ ಮೈ. ನಾನು ಚಿಕ್ಕವಳಿದ್ದಾಗ ಇವೇ ಗಿಡ ಏರುತ್ತಿದ್ದವನು ಅವನ ಅಪ್ಪ. ರಸಕ್ಕಾಗಿ ಗಿಡದ ಕೊರಳನ್ನು ಒಂದು ವರ್ಷ ಎಡಕ್ಕೆ ಕೆತ್ತಿದರೆ ಮರುವರ್ಷ ಬಲಕ್ಕೆ. ಗಿಡ ಬೆಳೆದಂತೆ ಕಚ್ಚುಗಳು ಒಂದರ ಮೇಲೊಂದು ಉಳಿಯುತ್ತವೆ. "ಇದರಾಗ ಕೆಳಗಿನ ಕಚ್ಚೆಲ್ಲ ನಮ್ಮಪ್ಪಂದ್ರಿ ಅಕ್ಕೋರ, ಇಲ್ಲಿಂದ ಮ್ಯಾಲ ನಂದು" ಅಂತ ಮಾನಪ್ಪ ಗಿಡ ಸವರಿ ತೋರಿಸಿದ. ನಾನು ಕೆಳಗಿನ ಕಚ್ಚುಗಳನ್ನು ನೋಡಿದೆ. ಥರ್ಡ್ ಸ್ಟ್ಯಾಂಡರ್ಡ್, ಫೋರ್ತ್ ಸ್ಟ್ಯಾಂಡರ್ಡ್, ಫಿಫ್ತ್.

ಶೇಂದಿ ಬಂದ್ ಆದಮೇಲೂ ಅವನು ಎರಡು ಗಿಡ ತನ್ನ ಸಲುವಾಗಿ ಕೆತ್ತುತ್ತಿದ್ದ, "ಮೊಣಕಾಲಿಗೆ ಔಷಧಿರಿ" ಅಂತ. ಬೆಲ್ಲದ ಮಾತು ಕೇಳಿ ತಲೆ ಕೆರೆದುಕೊಂಡ. "ಈಚಲದವ್ವ ಮಂದೀಗಿ ಕುಣಿಸಾಕ ಬಂದಾಕಿರಿ. ನೀವು ಆಕೀಗಿ ಅಡಗಿಮನ್ಯಾಗ ಕುಂದ್ರಸ್ತೀನಿ ಅಂತೀರಿ."

"ಜೆಸಿಬಿ ಬಂದ್ರ ಎಲ್ಲೂ ಕುಂದ್ರಾಂಗಿಲ್ಲ ಮಾನಪ್ಪ."

ಗಿಡದ ಸಾಲನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದ. "ಹಂಗಂದ್ರ ಕುಂದ್ರಸೋಣ ನಡ್ರಿ" ಅಂದ.

ಸಿಸ್ಟರ್ ಬರೆದ ಚಿತ್ರವನ್ನು ನೆನಪಿನಿಂದ ಹಾಳೆಗೆ ಇಳಿಸಿ ಸುರಪುರದ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಮೇಸ್ತ್ರಿ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು ನೋಡಿದ. "ನಡುವ ಇಷ್ಟ್ಯಾಕ ಗೋಡಿ ಮೇಡಂ?"

"ರಸ ಸುತ್ತಿ ಸುತ್ತಿ ಹೋಗ್ಲಿ ಅಂತ. ಲಗೂ ಹೊರಗ ಬರಬಾರದು."

"ಹಂಗಾರ ಇದು ಸರಕಾರಿ ಆಫೀಸ್ ಆತಲ್ರಿ" ಅಂದ. ಆದರೂ ಸ್ಟೀಲಿನ ತಗಡಿನಲ್ಲಿ ಚಲೋ ಮಾಡಿಕೊಟ್ಟ. ಮಾನಪ್ಪನ ಹೆಂಡತಿ ತಾಯಮ್ಮ ಹಳ್ಳದ ಮಣ್ಣು, ಇಟ್ಟಿಗೆ ಕೂಡಿಸಿ ಆಳುದ್ದದ ಒಲೆ ಹಾಕಿದಳು. ಹೊಗೆ ಹೋಗಲು ಹಳೇ ಬೋರ್‌ವೆಲ್ಲಿನ ಪೈಪು ನಿಲ್ಲಿಸಿದೆವು. ಹೊತ್ತಿಸಿದ ದಿನ ಅದು ಹೊಗೆಯನ್ನು ಮೇಲೆ ಬಿಡದೆ ನಮ್ಮ ಕಣ್ಣಿಗೇ ಬಿಟ್ಟಿತು. ತಾಯಮ್ಮ ಪೈಪಿಗೆ ಎರಡು ಬೈದು ಬುಡ ಸ್ವಲ್ಪ ಎತ್ತರಿಸಿದಳು. ಆಮೇಲೆ ಸರಿಹೋಯಿತು.

ಡಿಸೆಂಬರಿನಿಂದ ನಮ್ಮ ದಿನ ಹೀಗೆ. ಹಿಂದಿನ ಸಂಜೆ ಮಾನಪ್ಪ ಕೆತ್ತಿ ಮಡಕೆ ಕಟ್ಟಿ ಬರುವುದು. ನಸುಕಿನಲ್ಲಿ ಬೋನಾಳ ಕೆರೆಯ ಬಾತುಗಳು ಗದ್ದಲ ಎಬ್ಬಿಸುವ ಹೊತ್ತಿಗೆ ಅವನ ಮೂರು ಕೂಗು. ಬಿಸಿಲು ತಾಗುವ ಮೊದಲು ರಸ ಇಳಿಯಬೇಕು, ತಾಗಿದರೆ ಹುಳಿ. ನಾನು ಬಟ್ಟೆಯಲ್ಲಿ ಸೋಸಿ ಪರಾತಕ್ಕೆ ಹೊಯ್ಯುವುದು, ತಾಯಮ್ಮ ಉರಿ ನೋಡುವುದು. ತೊಗರಿಕಟ್ಟಿಗೆ ಭಗ್ ಅಂತ ಹತ್ತಿ ಆರಿಹೋಗುತ್ತದೆ. ಅದರ ಹಿಂದೆಯೇ ಜಾಲಿ ಕೊರಡು ಒತ್ತಬೇಕು. ನೊರೆ ಉಕ್ಕಿದರೆ ತಾಯಮ್ಮ ಔಡಲೆಣ್ಣೆಯಲ್ಲಿ ಅದ್ದಿದ ಬೆರಳನ್ನು ಚಿಮುಕಿಸುತ್ತಿದ್ದಳು, ನೊರೆ ಬೈಸಿಕೊಂಡ ಹುಡುಗಿಯಂತೆ ಕೂತುಬಿಡುತ್ತಿತ್ತು. ಒಂದು ಸಲ ಕೆತ್ತಿದ ಗಿಡಕ್ಕೆ ಮೂರು ದಿನ ರಜೆ. ಗಿಡಕ್ಕಿದ್ದ ರಜೆ ನಮಗಿರಲಿಲ್ಲ, ಸಾಲಿನಲ್ಲಿ ಮುಂದಿನ ಗಿಡ ಕಾಯುತ್ತಿತ್ತು.

ಊರಲ್ಲಿ "ಅಕ್ಕೋರ ಭಟ್ಟಿ ಹಚ್ಯಾರ" ಅಂತ ಸುದ್ದಿಯಾಯಿತು. ಮುದುಕರು ವಾಕಿಂಗ್ ನೆಪದಲ್ಲಿ ಖಾಲಿ ಲೋಟ ಹಿಡಿದು ಬರತೊಡಗಿದರು. ಬೆಲ್ಲಕ್ಕೆ ಅಂತ ನಾನು ಮೊದಲೇ ಠಾಣೆಗೆ ಅರ್ಜಿ ಬರೆದು ಕೊಟ್ಟಿದ್ದೆ, ಆದರೂ ಒಬ್ಬ ಕಾನ್‌ಸ್ಟೆಬಲ್ ಬೈಕಿನಲ್ಲಿ ಬಂದ. ಒಂದು ಸೌಟು ಬಿಸಿ ಪಾಕ ಕೊಟ್ಟೆ. ಊದಿ ಊದಿ ಕುಡಿದ. "ಮೇಡಂ, ಇದರಾಗ ಏನೂ ಇಲ್ಲಲ್ರಿ" ಅಂದ, ಮೋಸ ಹೋದವನ ಮುಖ ಮಾಡಿ.

ಅವನಿಗಿಂತ ದೊಡ್ಡ ಮೋಸ ನನಗೆ ಆಗುತ್ತಿತ್ತು. ಬೆಲ್ಲ ಕಟ್ಟುತ್ತಿರಲಿಲ್ಲ. ಎಷ್ಟು ಕುದಿಸಿದರೂ ಕಾಕಂಬಿಯಂಥ ರಸವೇ. ಅಚ್ಚಿಗೆ ಹೊಯ್ದು ಎರಡು ದಿನ ಬಿಟ್ಟು ಬೋರಲು ಹಾಕಿದರೆ ಸೋಮಾರಿಯ ಹಾಗೆ ನಿಧಾನಕ್ಕೆ ಹರಿದು ಬರುತ್ತಿತ್ತು. ಶಿವರಾಜ ಬಂದು ಬೆರಳದ್ದಿ ನೆಕ್ಕಿದ. "ರುಚಿ ಮಸ್ತ್ ಅದ ಅಕ್ಕಾ. ದ್ವಾಸಿ ಮ್ಯಾಲ ಹಾಕ್ಕೊಂಡು ತಿನ್ನಾಕ ಚಲೋ." ಸಿಸ್ಟರ್ ಆಗ್ನೆಸ್ ಇದ್ದಿದ್ದರೆ ಕುಣಿದಾಡುತ್ತಿದ್ದರು, ಅವರಿಗೆ ಬೇಕಾದದ್ದೇ ಸಿರಪ್ಪು. ಅವರ ಗೆಲುವೇ ನನ್ನ ಸೋಲಾಗಿತ್ತು.

ಉರಿ ಜಾಸ್ತಿ ಅಂದುಕೊಂಡೆ, ಕಮ್ಮಿ ಮಾಡಿದೆ. ಪರಾತದ ಗೋಡೆ ಒಂದನ್ನು ಕೀಳಿಸಿದೆ. ಮತ್ತೆ ಹಾಕಿಸಿದೆ. ಮಡಕೆಗೆ ಒಳಗೆ ಸುಣ್ಣ ಬಳಿದರೆ ರಸ ಹುಳಿಯಾಗದು ಅಂತ ಗೊತ್ತಿತ್ತು. ನಾನು ಹೇಳಿದ ದಿನದಿಂದ ಮಾನಪ್ಪ ಬಳಿಯುತ್ತಿದ್ದ. ಇನ್ನೂ ಜಾಸ್ತಿ ಬಳಿ ಅಂದೆ. ಪಾಕ ಕಪ್ಪಾಯಿತು, ನಾಲಿಗೆ ಸುಟ್ಟಿತು, ಕಟ್ಟಲಿಲ್ಲ. ಸಂಕ್ರಾಂತಿ ಹೋಯಿತು. ನಾನು ಕೂತಲ್ಲಿ ಕೂರುತ್ತಿರಲಿಲ್ಲ. ಊಟ ಮಾಡುವಾಗ ಎದ್ದು ಹೋಗಿ ಒಲೆ ಮುಟ್ಟಿ ಬರುತ್ತಿದ್ದೆ. "ಅಕ್ಕೋರ, ನೀವೇ ಕುದ್ದು ಗಟ್ಟಿ ಆಗ್ತೀರಿ ನೋಡ್ರಿ" ಅಂತ ತಾಯಮ್ಮ ಚೇಷ್ಟೆ ಮಾಡಿದಳು. ನಗು ಬರಲಿಲ್ಲ.

ಒಂದು ಸಂಜೆ ಮಡಕೆಯೊಂದು ಬಿರಿದು, ಬೇರೆ ಸಿಗದೆ ಮಾನಪ್ಪ ನನ್ನ ಹಾಲಿನ ಸ್ಟೀಲ್ ಕ್ಯಾನನ್ನೇ ಗಿಡಕ್ಕೆ ಕಟ್ಟಿದ. ಬೆಳಿಗ್ಗೆ ಅದು ಎಲ್ಲಕ್ಕಿಂತ ಕಡೆಗೆ ಇಳಿಯಿತು. ಪರಾತ ತುಂಬಿದ್ದರಿಂದ ತಾಯಮ್ಮ ಅದನ್ನು ಬೇರೆ ಬೋಗುಣಿಯಲ್ಲಿ ಕುದಿಸಿದಳು. ಮಧ್ಯಾಹ್ನ ನೋಡಿದರೆ ಬೋಗುಣಿಯ ತಳದಲ್ಲಿ ಅಂಗೈಯಷ್ಟು ಬೆಲ್ಲ. ಗಟ್ಟಿ ಬೆಲ್ಲ. ಉಗುರಿನಿಂದ ಬಡಿದರೆ ಟಕ್ ಅಂತು.

ಅದೇ ಗಿಡ, ಅದೇ ರಸ, ಅದೇ ಉರಿ. ಬೇರೆಯಾಗಿದ್ದು ರಸ ಹಿಡಿದ ಪಾತ್ರೆ ಮಾತ್ರ. ಒಲೆಯ ಪಕ್ಕ ಸಾಲಾಗಿ ಇಟ್ಟಿದ್ದ ಮಡಕೆಗಳ ಹತ್ತಿರ ಹೋಗಿ ಒಂದರೊಳಗೆ ಕೈ ಹಾಕಿದೆ. ತಳದಲ್ಲಿ ಬೆರಳು ದಪ್ಪದ ಮಡ್ಡಿ. ಮೇಲೆ ತೆಳ್ಳಗೆ ಸುಣ್ಣ. ಮೂಗಿಗೆ ಹಿಡಿದರೆ ಗಪ್ಪನೆ ಹುಳಿ.

"ತಾಯಮ್ಮಾ, ಇವನ್ನ ಯಾವಾಗ ತೊಳದೀರಿ?"

"ತೊಳಿಯೋದಾ?" ಅವಳು ಬೆಚ್ಚಿದಳು. "ಇವು ನಮ್ಮ ಮಾವನ ಮಡಕಿರಿ. ಶೇಂದಿ ಮಡಕಿ ಯಾರಾರ ತೊಳೀತಾರೇನ್ರಿ? ಆ ಮಡ್ಡ್ಯಾಗೇ ಜೀವ ಇರ್ತದ. ನಾ ಮದಿವಿ ಆಗಿ ಬಂದಾಗ ಅತ್ತಿ ಮೊದಲ ಹೇಳಿದ್ದೇ ಇದು. ಮನ್ಯಾಗಿನ ಎಲ್ಲಾ ಬೋಗಾಣಿ ತಿಕ್ಕವ್ವ, ಇವಕ್ಕ ಮಾತ್ರ ಕೈ ಹಚ್ಚಬ್ಯಾಡ. ಮಕ್ಕಳು ಬ್ಯಾರೆ ಆದ್ರ ಹೊಲ ಹಂಚತಾರ, ಈ ಮಡ್ಡಿನೂ ಹಂಚತಾರ."

ಶೇಂದಿಗೆ ಜೀವವಾದದ್ದೇ ಬೆಲ್ಲಕ್ಕೆ ಸಾವು. ರಾತ್ರಿಯೇ ರಸದೊಳಗೆ ಹುಳಿ ಎದ್ದುಬಿಡುತ್ತಿತ್ತು. ಮಾನಪ್ಪ ತನ್ನಲ್ಲಿದ್ದ ಅತ್ಯಂತ ಒಳ್ಳೆಯ ಮಡಕೆಗಳನ್ನೇ ನನಗಾಗಿ ಕಟ್ಟಿದ್ದ. ಇದೆಲ್ಲ ಈಗ ತಿಳಿಯುತ್ತದೆ. ಆ ಕ್ಷಣಕ್ಕೆ ನನ್ನೊಳಗೆ ಕುದಿದದ್ದು ಬೇರೆ. "ಫಿಲ್ತಿ!" ಅಂದೆ. "ಆಲ್ ದೀಸ್ ವೀಕ್ಸ್! ಫಿಲ್ತಿ, ಫಿಲ್ತಿ ಪಾಟ್ಸ್!" ಮಾನಪ್ಪ ಆಚೆ ಸಾಲಿನ ಗಿಡದ ಮೇಲಿದ್ದ. ಅವನು ಇಳಿಯುವವರೆಗೆ ನಾನು ಕಾಯಬಹುದಿತ್ತು. ಕಾಯಲಿಲ್ಲ. ಒಲೆಯ ಮೇಲಿದ್ದ ಕುದಿನೀರಿಗೆ ಸೋಡಾ ಹಾಕಿ, ತಾಯಮ್ಮ "ಬ್ಯಾಡ್ರಿ ಅಕ್ಕೋರ, ಅವ ಬರ್ಲಿ" ಅನ್ನುತ್ತಿದ್ದರೂ, ಒಂದೊಂದಕ್ಕೇ ಹೊಯ್ದು ತೆಂಗಿನ ನಾರಿನಿಂದ ತಿಕ್ಕಿದೆ. ಉಗುರು ಕಪ್ಪಾಗುವಂತೆ ತಿಕ್ಕಿದೆ. ಬರೀ ಮಡಕೆಯನ್ನಷ್ಟೇ ತಿಕ್ಕುತ್ತಿದ್ದೆನೋ ಇಲ್ಲವೋ.

ಅವನು ಬಂದಾಗ ಮಡಕೆಗಳು ಬಿಸಿಲಿಗೆ ಬೋರಲು ಬಿದ್ದು ಹೊಗೆಯಾಡುತ್ತಿದ್ದವು. ಸಿಟ್ಟು ಮಾಡಲಿಲ್ಲ. ಒಂದನ್ನು ಎತ್ತಿ ಮೂಗಿಗೆ ಹಿಡಿದ. ಇನ್ನೊಂದನ್ನು ಎತ್ತಿದ. ಹೀಗೇ ಎಲ್ಲಾ ಮಡಕೆ ಮೂಸಿದ.

"ಇದರ ಮಡ್ಡಿಯಿಂದ ಬೆಲ್ಲ ಕಟ್ಟಾಂಗಿಲ್ಲ ಮಾನಪ್ಪ, ಈಗ ಗೊತ್ತಾತು. ಹೊಲಸಿತ್ತು, ಅದಕ್ಕ…" ಅಂದೆ.

"ಅಕ್ಕೋರ," ಅಂದ, ಮಡಕೆ ಕೆಳಗಿಡುತ್ತ. "ನಿಮಗ ಇಂಗ್ಲಿಷ್ ಕಲಸಿದ್ದು ಈ ಹೊಲಸೇ ಅಲ್ಲೇನ್ರಿ?"

ಹಗ್ಗ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ.

ಮರುದಿನ ನಸುಕಿನಲ್ಲಿ ಬಾತುಗಳು ಕೂಗಿದವು. ಕೂಗಬೇಕಾದವನು ಕೂಗಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ಚಳಿ ಇಳಿಯತೊಡಗಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟರೆ ರಸವೂ ಹೊರಟಂತೆಯೇ. ಬದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿದೆ. ಬೇರೆ ಊರಿನಿಂದ ಯಾರನ್ನಾದರೂ ಕರೆಸೋಣ ಅಂತ ಹೊರಟು ಅರ್ಧ ದಾರಿಗೆ ತಿರುಗಿ ಬಂದೆ.

ಕಡೆಗೆ ಅವನ ಮನೆಗೇ ಹೋದೆ. ತಾಯಮ್ಮ ಹೊಸ್ತಿಲಲ್ಲಿ ತೊಗರಿ ಕೇರುತ್ತಿದ್ದಳು.

"ಒಳಗ ಮಲಗ್ಯಾನ್ರಿ."

"ಜ್ವರ ಏನು?"

"ಜ್ವರ ಇಲ್ಲ ಏನಿಲ್ಲ. ನಾ ಮನಿಗಿ ತಂದಿಟ್ಟ ಮಡಕಿ ಮುಂದ ಕುಂದರ್ತಾನ, ಮತ್ತ ಮಲಗ್ತಾನ. ಅಪ್ಪ ಸತ್ತಾಗೂ ಹಿಂಗ ಮಾಡಿದ್ದಿಲ್ರಿ."

"ಸಾರಿ" ಅನ್ನುವುದು ಬಾಯಲ್ಲಿ ಸಿದ್ಧವಿತ್ತು. ಬಸ್ಸಿನಲ್ಲಿ ಕಾಲು ತುಳಿದರೂ ಅನ್ನುವ ಮಾತು ಅದು, ಹಗುರ. ಅದನ್ನು ಒತ್ತಟ್ಟಿಗಿಟ್ಟು ಕತ್ತಲೆ ಬಾಗಿಲಿಗೆ ಹೇಳಿದೆ: "ಮಾನಪ್ಪ, ನಂದು ತಪ್ಪಾತಪ್ಪಾ." ಅರವತ್ತೈದು ವರ್ಷದಲ್ಲಿ ಆ ಮಾತು ಯಾರಿಗೂ ಹೇಳಿರಲಿಲ್ಲ. ತಾಯಮ್ಮ ಮೊರವನ್ನು ಸುಮ್ಮನೆ ಒಮ್ಮೆ ಕೊಡವಿದಳು.

ಶಿವರಾತ್ರಿಗೆ ಎರಡು ದಿನ ಇರುವಾಗ ಚಳಿ ಕಡೆಯ ಸಲ ತಿರುಗಿ ಬಂತು. ಆ ನಸುಕಿನಲ್ಲಿ, ಹಾಸಿಗೆಯಲ್ಲಿದ್ದ ಹಾಗೇ ಕೇಳಿದೆ. "ಗಿಡಾ ಏರಾಕತ್ತೀನ್ರವ್ವೋ…!" ಸ್ವೆಟರ್ ಉಲ್ಟಾ ಹಾಕಿಕೊಂಡು ಓಡಿದೆ. ಸಾಲಿನ ಅರ್ಧ ಗಿಡಕ್ಕೆ ಹೊಸ ಕೆಂಪು ಮಡಕೆ. ಹಿಂದಿನ ದಿನ ಸುರಪುರದ ಕುಂಬಾರರಲ್ಲಿಂದ ತಾನೇ ಹೊತ್ತು ತಂದು, ನನಗೆ ಹೇಳದೆ ಕಟ್ಟಿಹೋಗಿದ್ದ.

ಅವನು ಇಳಿದ ಮೇಲೆ "ಬಂದೆಲ್ಲಾ, ಭಾಳ ಚಲೋ ಆತು" ಅಂದೆ.

"ನಿಮ್ಮ ಸಲುವಾಗಿ ಬಂದಿಲ್ರಿ" ಅಂದ. "ಗಿಡದ ಸಲುವಾಗಿ ಬಂದೀನಿ."

ಆ ದಿನ ರಸ ಪರಾತದ ಮೂಲೆಮೂಲೆ ಸುತ್ತಿ, ಕಡೆಯ ಗೋಡೆ ದಾಟುವ ಹೊತ್ತಿಗೆ ಬಂಗಾರದ ಬಣ್ಣಕ್ಕೆ ತಿರುಗಿತು. ಗುಳ್ಳೆ ದೊಡ್ಡದಾಗಿ ಪುಳಕ್ ಪುಳಕ್ ಅನ್ನತೊಡಗಿತು. ತಾಯಮ್ಮ ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಹೊರಳಿಸಿದಳು. ಗುಂಡಾಯಿತು. ಇಳಿಸಿ ಮರದ ಹುಟ್ಟಿನಿಂದ ತಿರುವಿದೆವು, ಅವಳ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವಳು. ಸಂಜೆಗೆ ಅಚ್ಚು ಬೋರಲು ಹಾಕಿದರೆ ಬೆಲ್ಲ ಇಡಿಯಾಗಿ ಧಪ್ಪನೆ ಬಿತ್ತು. ತಾಯಮ್ಮ ಚೀರಿದಳು, ನಾನು ಚಪ್ಪಾಳೆ ತಟ್ಟಿದೆ. ಒಂದು ಚೂರು ಒಡೆದು ಮಾನಪ್ಪನಿಗೆ ಕೊಡಹೋದೆ.

"ನಂಗ ಸೀ ಸೇರಂಗಿಲ್ರಿ" ಅಂದು ಕತ್ತಿ ಒರೆಸುತ್ತ ಕೂತ. "ಈ ಸಲಕ್ಕ ಆತು. ಮುಂದಿನ ವರ್ಷ ಬ್ಯಾರೆಯವರಿಗಿ ನೋಡ್ಕೊರಿ. ಅಳಿಯ ಕಡೇಚೂರಿನ ಫ್ಯಾಕ್ಟರ್ಯಾಗ ನಂಗ ವಾಚ್‌ಮನ್ ಕೆಲಸ ನೋಡ್ಯಾನ."

ಯುಗಾದಿಯ ದಿನ ಶಿವರಾಜ ಬೆಲ್ಲವನ್ನು ಕೈಯಲ್ಲಿ ಮುರಿಯಲು ನೋಡಿದ, ಮೊಣಕಾಲಿಗೆ ಬಡಿದ, ಕಡೆಗೆ ಒಳಕಲ್ಲಿನ ಗುಂಡು ತರಿಸಿದ. ಹೋಳಿಗೆ ಎರಡು ತಿಂದ. ಮೂರನೆಯದಕ್ಕೆ ಕೈ ಚಾಚುತ್ತ, "ಗಿಡ ಇರ್ಲಿ ತಗೋ" ಅಂದ. ಮಾತಿಗೆ ತಪ್ಪುವವನಲ್ಲ ನನ್ನ ತಮ್ಮ. ಆಮೇಲೆ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದ: "ಆದ್ರ ಏರಾವ್ರು ಯಾರಕ್ಕಾ?"

ಯಾರೂ ಇಲ್ಲ. ಗಿಡಗಳು ಈಗಲೂ ನಿಂತಿವೆ, ಹಕ್ಕಿ ಕೂರುತ್ತವೆ. ಕಚ್ಚುಗಳು ಆ ವರ್ಷಕ್ಕೆ ನಿಂತುಹೋಗಿವೆ. ಅದರ ಮೇಲೆ ಗಿಡ ತನ್ನ ಪಾಡಿಗೆ ನೆಟ್ಟಗೆ ಬೆಳೆದಿದೆ. ನಾನು ಒಲೆ ಮುಚ್ಚಿಸಿ ಯಾದಗಿರಿಗೆ ಬಂದೆ.

ಮುಂದಿನ ಚಳಿಗಾಲ ಉಳಿದಿದ್ದ ಬೆಲ್ಲದ ಒಂದು ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕಡೇಚೂರಿಗೆ ಹೋದೆ. ಫ್ಯಾಕ್ಟರಿ ಗೇಟಿನಲ್ಲಿ ಮಾನಪ್ಪ ನೀಲಿ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನನ್ನ ನೋಡಿ ಎದ್ದು ಕುರ್ಚಿಯನ್ನು ಒರೆಸಿದ. "ಕುಂದರ್ರಿ ಅಕ್ಕೋರ. ಗಿಡ ಅವಾ?"

"ಅವ. ಎಲ್ಲಾ ಅವ."

ಬೆಲ್ಲ ಕೊಟ್ಟೆ. ಈ ಸಲ ಬೇಡ ಅನ್ನಲಿಲ್ಲ. ಮಡಕೆ ಮೂಸಿದ ಹಾಗೇ ಅದನ್ನೂ ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದ. "ಚಲೋ ಆಗ್ಯದರಿ" ಅಂದ. "ಆದ್ರ ನಮ್ಮಪ್ಪನ ವಾಸನಿ ಇಲ್ಲ." ತಿನ್ನದೆ ಜೇಬಿಗೆ ಹಾಕಿಕೊಂಡ. ನಾನು ಕರವಸ್ತ್ರ ಮಡಚಿದೆ, ಬಿಚ್ಚಿದೆ, ಮಡಚಿದೆ.

ಒಳಗಿನಿಂದ ಯಾರೋ, "ಏ ಮಾಮಾ, ಟಾಕಿ ತುಂಬ್ತೇನು ನೋಡು" ಅಂದರು. ಗೇಟಿನ ಪಕ್ಕದಲ್ಲೇ ನೀರಿನ ಟಾಕಿ, ಕಬ್ಬಿಣದ ಏಣಿ. "ಬರ್ತೀನ್ರಿ" ಅಂತ ಹೋದ. ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದ. ಬಲಗೈ ತಾನಾಗಿಯೇ ಬಾಯಿಯ ಪಕ್ಕಕ್ಕೆ ಬಂತು. ಆಮೇಲೆ ಸುತ್ತ ನೋಡಿದ. ಸಿಮೆಂಟು, ಲಾರಿ, ಬೀಡಿ ಸೇದುತ್ತ ನಿಂತ ಕೆಲಸಗಾರರು. ಕೈ ಇಳಿಸಿ ಸುಮ್ಮನೆ ಏರತೊಡಗಿದ.

ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎದ್ದು ನಿಂತೆ. ಎಂಟು ವರ್ಷದವಳಿದ್ದಾಗ ಮುಚ್ಚಿದ್ದ ಗಂಟಲು ಎಲ್ಲಿಂದ ತೆರೆಯಿತೋ ಗೊತ್ತಿಲ್ಲ, ಬಾಯಿಗೆ ಕೈ ಹಿಡಿದು ಇದ್ದಷ್ಟು ಉಸಿರು ಕೂಡಿಸಿ ಕೂಗಿದೆ:

"ಏರಾಕತ್ತಾನ್ರವ್ವೋ…!"

ಕೆಲಸಗಾರರು ತಿರುಗಿ ನೋಡಿದರು. ಏಣಿಯ ನಡುವೆ ಅವನ ಕಾಲು ನಿಂತಿತು. ತಿರುಗಲಿಲ್ಲ. ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ಕೈಯಿಂದ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಮತ್ತೆ ಏರಿದ.